ಪ್ಲೇಗಿನ ದಿನಗಳ ಡಾ. ಪಲ್ಪು

1863ರಲ್ಲಿ ತಿರುವನಂತಪುರದಲ್ಲಿ ಜನಿಸಿದ ಪದ್ಮನಾಭನ್ ಪಲ್ಪು ಅವರು ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಪೂರೈಸಿದರು. ಈಳವ ಕುಲದವರೆಂಬ ಕಾರಣದಿಂದ ತಿರುವಾಂಕೂರು ಸಂಸ್ಥಾನವು ಅವರಿಗೆ ಉದ್ಯೋಗವನ್ನು ನಿರಾಕರಿಸಿತು, ಮೈಸೂರು ಬರಮಾಡಿಕೊಂಡಿತು. ಕಳೆದುಕೊಂಡವರಾರೆಂಬುದನ್ನು ವಾಚಕರೇ ಬಲ್ಲರು.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಎರಗಿತು. ಇಲಿಯ ಚಿಗಟದಿಂದ ರೋಗ ಹರಡುವುದೆಂಬ ಸಂಗತಿ ಆಗಿನ್ನೂ ವೈದ್ಯಲೋಕಕ್ಕೆ ಒಪ್ಪಿತವಾಗಿರಲಿಲ್ಲ. ಜನರು ಮನೆಮಾರು ತೊರೆದು ಓಡುತ್ತಿರಲು, ಪ್ಲೇಗು ಶಿಬಿರದ ಹೊಣೆಹೊತ್ತ ಪಲ್ಪು ಅವರು ಪ್ರಾಣಭಯವನ್ನು ಬದಿಗಿರಿಸಿ ರೋಗಿಗಳ ನಡುವೆಯೇ ನಿಂತರು. ಮುಂದಾಳು ತಾನೇ ಶಿಬಿರದೊಳಗಿದ್ದಾಗ ಆತನ ಆಜ್ಞೆಗೆ ಬೇರೆ ವಿವರಣೆ ಬೇಕಿಲ್ಲವಷ್ಟೆ! ಪ್ಲೇಗು ನಿವಾರಣೆಯ ಕಾರ್ಯದಲ್ಲಿ ವಾರ್ತೆ ಬೇಗ ತಲುಪಲೆಂದು ನಗರದಲ್ಲಿ ದೂರವಾಣಿಯ ತಂತಿಗಳನ್ನೆಳೆದದ್ದೂ ಆ ವರ್ಷವೇ.

ಮುಂದೆ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗದ ಸ್ಥಾಪನೆಗೆ ಪ್ರೇರಕರಾದ ಅವರು 1950ರಲ್ಲಿ ಕಾಲವಾದರು.