ಕಳೆದ ಕಂಠದ ಬೆನ್ನು ಹತ್ತದ ಗಂಗೂಬಾಯಿ

ಗಾಯಕರಿಗೆ ಕಂಠವೇ ಬಂಡವಾಳ. ಅದು ಕೈಕೊಟ್ಟರೆ ಕಲಿತ ವಿದ್ಯೆ, ಗಳಿಸಿದ ಹೆಸರು, ಮನೆಯ ಒಲೆ ಮೂರೂ ಒಟ್ಟಿಗೆ ಅಲುಗಾಡುತ್ತವೆ. ಹಿಂದೂಸ್ತಾನಿ ಸಂಗೀತದ ಮೇರು ಗಾಯಕಿ ಡಾ. ಗಂಗೂಬಾಯಿ ಹಾನಗಲ್ ಅವರ ಬದುಕಿನಲ್ಲಿ ಇಂಥದೊಂದು ಸಂಕಟ ಹೆಸರು ಬೆಳೆಯತೊಡಗಿದ ಹೊತ್ತಿನಲ್ಲಿಯೇ ಎದುರಾಯಿತು. ಅದನ್ನು ಅವರು ದಾಟಿದ ಬಗೆ, ದನಿಯನ್ನೇ ನಂಬಿ ಬದುಕುವ ಎಲ್ಲರೂ ತಿಳಿಯಬೇಕಾದ ಪಾಠ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿ ಪದ್ಧತಿಯ ಕಡೆಗಿದೆ ಎಂದು ಅರಿತ ತಾಯಿ, ಎರಡು ಪದ್ಧತಿಗಳು ಬೆರೆತು ಮಗುವಿನ ಕಿವಿ ಗೊಂದಲಕ್ಕೆ ಬೀಳಬಾರದೆಂದು ತಮ್ಮ ಹಾಡಿಕೆಯನ್ನೇ ಬದಿಗಿಟ್ಟರು. 1924ರಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದಾಗ ಬಾಲಕಿಗೆ ಹನ್ನೊಂದರ ಪ್ರಾಯ. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದು ನೆಲೆಸಿತು. ಕೃಷ್ಣಾಚಾರ್ಯ ಹುಲಗೂರ ಹಾಗೂ ದತ್ತೋಪಂತ ದೇಸಾಯಿಯವರಲ್ಲಿ ಮೊದಲ ಪಾಠಗಳಾದವು.

1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಮುಂಬಯಿಯಲ್ಲಿ ಮುದ್ರಿಸಿಕೊಂಡ ಅವರ ಹಾಡುಗಳು ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಹೊರಬಂದವು. ಆ ಮುದ್ರಿಕೆಗಳಲ್ಲಿರುವುದು ತೆಳುವಾದ, ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಸುಳಿದಾಡುವ ಹೆಣ್ಣುದನಿ. ನಂತರದ ಗಂಗೂಬಾಯಿಯವರನ್ನಷ್ಟೇ ಕೇಳಿದವರಿಗೆ ಇದು ಅವರದೇ ಕಂಠ ಎಂದು ನಂಬುವುದು ಕಷ್ಟ.

ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಹದಿನಾರನೆಯ ವಯಸ್ಸಿನಲ್ಲಿಯೇ ಗುರುರಾವ್ ಕೌಲಗಿಯವರ ಕೈಹಿಡಿದಿದ್ದ ಗಂಗೂಬಾಯಿಯವರ ಮೇಲೆ ಸಂಸಾರದ ಹೊಣೆಯ ಬಹುಭಾಗ ಬಿದ್ದಿತು. ಹಾಡುವ ಹೆಣ್ಣನ್ನು ಹೀನಾಯವಾಗಿ ಕಾಣುತ್ತಿದ್ದ ಕಾಲವದು. ಇಂಥ ದಿನಗಳಲ್ಲಿ ಟಾನ್ಸಿಲ್ ತೊಂದರೆ ಮತ್ತು ಅದಕ್ಕಾಗಿ ನಡೆದ ಚಿಕಿತ್ಸೆಯ ತರುವಾಯ ಅವರ ದನಿ ಬದಲಾಯಿತು. ಮೊದಲಿನ ನಯ ಹೋಯಿತು, ಶ್ರುತಿ ಕೆಳಗಿಳಿಯಿತು. ಉಳಿದದ್ದು ದಪ್ಪನೆಯ, ಗಡಸಾದ ಕಂಠ. ಮುಖ ಕಾಣದೆ ಕೇಳಿದವರು ಗಂಡಸಿನ ಹಾಡಿಕೆ ಎಂದು ಭಾವಿಸುವಂತಿತ್ತು.

ಆಗ ಅವರ ಮುಂದೆ ಎರಡು ದಾರಿಗಳಿದ್ದವು. ಹಳೆಯ ಎತ್ತರವನ್ನೇ ಮುಟ್ಟಲು ಗಂಟಲನ್ನು ಹಿಂಡುವುದು ಒಂದು. ಉಳಿದ ದನಿಯನ್ನೇ ಒಪ್ಪಿಕೊಂಡು ಅದಕ್ಕೆ ತಕ್ಕ ಗಾಯನವನ್ನು ಕಟ್ಟುವುದು ಇನ್ನೊಂದು. ಗಂಗೂಬಾಯಿ ಎರಡನೆಯದನ್ನು ಆರಿಸಿಕೊಂಡರು.

ಈ ಆಯ್ಕೆಗೆ ಬೆನ್ನೆಲುಬಾಗಿದ್ದುದು ಕುಂದಗೋಳದ ಗುರುಮನೆ. ಕಿರಾಣಾ ಘರಾಣೆಯ ಸವಾಯಿ ಗಂಧರ್ವ, ಅಂದರೆ ರಾಮಚಂದ್ರ ಕುಂದಗೋಳಕರ ಸೌಂಶಿ ಅವರು, 1930ರ ದಶಕದ ಕೊನೆಯ ಹೊತ್ತಿಗೆ ಊರಿಗೆ ಮರಳಿ ನೆಲೆಸಿದ್ದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅವರ ಗುರುಬಂಧುಗಳು. ಗುರುವಿಗೂ ಕಂಠದ ಕಷ್ಟ ಗೊತ್ತಿತ್ತು. ಹರೆಯದಲ್ಲಿ ದನಿ ಒಡೆದು ಬಿರುಸಾಗಿದ್ದ ಸವಾಯಿ ಗಂಧರ್ವರು, ಉಸ್ತಾದ್ ಅಬ್ದುಲ್ ಕರೀಂ ಖಾನರ ಕೈಕೆಳಗೆ ವರ್ಷಗಟ್ಟಲೆ ರಿಯಾಜ್ ಮಾಡಿ ಅದನ್ನು ಪಳಗಿಸಿಕೊಂಡವರು.

ಕಿರಾಣಾ ಪದ್ಧತಿಯಲ್ಲಿ ರಾಗ ಒಂದೇ ಏಟಿಗೆ ಎದ್ದು ನಿಲ್ಲುವುದಿಲ್ಲ. ಮಂದ್ರದ ಷಡ್ಜದಿಂದ ತೊಡಗಿ ಒಂದೊಂದೇ ಸ್ವರದ ಮೇಲೆ ತಂಗುತ್ತ, ವಿಲಂಬಿತ ಲಯದಲ್ಲಿ ಮೇಲೇರುತ್ತದೆ. ಕಂಠ ನಿಧಾನವಾಗಿ ಕಾಯುತ್ತದೆ. ತಾರಸ್ಥಾಯಿ ಬರುವಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ. ಹೊಸ ಚೀಜುಗಳಿಗಿಂತ ಕಲಿತದ್ದನ್ನೇ ಮತ್ತೆ ಮತ್ತೆ ತಿದ್ದಿ ಹಾಡಿಸುವ ಈ ಕ್ರಮ ಗಂಗೂಬಾಯಿಯವರ ಹೊಸ ಕಂಠಕ್ಕೆ ಹೇಳಿ ಮಾಡಿಸಿದಂತಿತ್ತು. ಅವರು ತಮಗೆ ಒಗ್ಗುವ ಕೆಳಗಿನ ಶ್ರುತಿಯಲ್ಲಿ ಹಾಡಿದರು. ಮೊದಲು ಹಾಡುತ್ತಿದ್ದ ಠುಮ್ರಿ, ಭಜನೆಗಳನ್ನು ಕ್ರಮೇಣ ಬಿಟ್ಟು ಖಯಾಲನ್ನೇ ನೆಚ್ಚಿಕೊಂಡರು. ಅವರ ಮಾರ್ವಾ, ಪೂರಿಯಾ, ಶುದ್ಧ ಕಲ್ಯಾಣ, ಚಂದ್ರಕೌಂಸ್ ರಾಗಗಳ ಗಾಂಭೀರ್ಯಕ್ಕೆ ರಸಿಕರು ಮಾರುಹೋದರು. ಕೊರತೆ ಎನಿಸಿದ್ದೇ ಗುರುತಾಯಿತು. ಮಗಳು ಕೃಷ್ಣಾ ದಶಕಗಳ ಕಾಲ ಪಕ್ಕದಲ್ಲಿ ಕುಳಿತು ದನಿಗೂಡಿಸಿದರು.

ಇಂದಿನ ವೈದ್ಯವಿಜ್ಞಾನ ಹೇಳುವುದೂ ಇದಕ್ಕೆ ದೂರವಿಲ್ಲ. ದನಿ ಹುಟ್ಟುವುದು ಟಾನ್ಸಿಲ್‌ಗಳಿಗಿಂತ ಕೆಳಗೆ, ಧ್ವನಿಪೆಟ್ಟಿಗೆಯಲ್ಲಿರುವ ಎರಡು ಮಡಿಕೆಗಳು ಕಂಪಿಸಿದಾಗ. ಸಾಮಾನ್ಯ ಮಾತಿನಲ್ಲಿಯೇ ಅವು ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಬಾರಿ, ಗಂಡಸರಲ್ಲಿ 120 ಬಾರಿಯಷ್ಟು ಕಂಪಿಸುತ್ತವೆ. ಒಗ್ಗದ ಶ್ರುತಿಯಲ್ಲಿ ಬಲವಂತವಾಗಿ ಹಾಡಿದರೆ, ಶೀತ-ಕೆಮ್ಮು ಇರುವಾಗ ಕಛೇರಿ ನಡೆಸಿದರೆ, ಗದ್ದಲದ ನಡುವೆ ಕೂಗಿ ಮಾತಾಡಿದರೆ ಮಡಿಕೆಗಳು ಊದಿಕೊಳ್ಳುತ್ತವೆ. ದಿನಗಟ್ಟಲೆ ಹಾಗೆಯೇ ಸಾಗಿದರೆ ಗಂಟುಗಳೂ ಮೂಡಬಹುದು. ಸಾಕಷ್ಟು ನೀರು, ಹಾಡುವ ಮೊದಲು ಮೆಲುದನಿಯ ಸಾಧನೆ, ನಡುನಡುವೆ ಮೌನ, ಧೂಮಪಾನದಿಂದ ದೂರ ಉಳಿಯುವುದು ಇವೇ ಮುಖ್ಯ ರಕ್ಷೆ. ದನಿ ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ; ಅದರಿಂದಲೂ ಗಂಟಲಿಗೆ ಶ್ರಮವಾಗಬಹುದು. ಗೊಗ್ಗರು ದನಿ ಮೂರು ವಾರ ಮೀರಿದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು. ಇಂಥ ಗಂಟುಗಳಿಗೆ ಸಾಮಾನ್ಯವಾಗಿ ಮೊದಲ ಮದ್ದು ಶಸ್ತ್ರಚಿಕಿತ್ಸೆಯಲ್ಲ, ಧ್ವನಿ ಚಿಕಿತ್ಸೆ. ಗಂಟಲಿಗೆ ಶಸ್ತ್ರಚಿಕಿತ್ಸೆ ಬೇಕೇಬೇಕಾದಾಗಲೂ ತಾವು ಹಾಡುವವರು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಗಂಗೂಬಾಯಿಯವರ ಹರೆಯದಲ್ಲಿ ಇಂಥ ನೆರವು ನಮ್ಮ ನಾಡಿನಲ್ಲಿ ಇರಲಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು 1965ರಲ್ಲಿ. ಇಂದು ಹುಣಸೂರು, ಹೆಗ್ಗಡದೇವನಕೋಟೆ, ಬೀಚನಹಳ್ಳಿ ಕಡೆಯ ಭಜನಾ ಮಂಡಳಿಯವರಿಗೆ, ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ, ತರಗತಿಯಲ್ಲಿ ದಿನವಿಡೀ ಮಾತಾಡುವ ಮೇಷ್ಟರುಗಳಿಗೆ ಜಿಲ್ಲಾ ಕೇಂದ್ರದಲ್ಲಿಯೇ ಆ ನೆರವು ದೊರೆಯುತ್ತದೆ. ದನಿ ಕೆಟ್ಟದ್ದನ್ನು ಹಣೆಬರಹ ಎಂದು ಸುಮ್ಮನಿರುವ ಕಾಲ ಇದಲ್ಲ.

ಬದಲಾದ ಆ ಕಂಠಕ್ಕೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಒಲಿದವು. ಮುಪ್ಪಿನಲ್ಲಿ ಕ್ಯಾನ್ಸರ್ ಎರಗಿತು, ಅದರಿಂದಲೂ ಚೇತರಿಸಿಕೊಂಡರು. 2004ರಲ್ಲಿ ಮಗಳು ಕೃಷ್ಣಾ ಅಗಲಿದರು. ಆ ದುಃಖವನ್ನೂ ನುಂಗಿಕೊಂಡು, 2006ರಲ್ಲಿ, ತೊಂಬತ್ಮೂರರ ವಯಸ್ಸಿನಲ್ಲಿ, ವೇದಿಕೆಯೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರ ಉಸಿರು ನಿಂತಿತು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. ಅಲ್ಲಿಗೆ ಕಲಿಯಲು ಬರುವ ಎಳೆಯರು ಅವರ ರಾಗಗಳ ಜೊತೆಗೆ ಈ ವಿವೇಕವನ್ನೂ ಕಲಿಯಬೇಕು. ಪೆಟ್ಟಾದ ಕಂಠ ಮೊದಲಿನಂತೆಯೇ ಮರಳುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಆದರೆ ಉಳಿದ ದನಿಯನ್ನು ಗೌರವಿಸಿ, ಅವಸರಪಡದೆ ಸಾಧನೆ ಮಾಡಿದರೆ, ಅದರಲ್ಲಿಯೇ ಒಂದು ದೊಡ್ಡ ಸಂಗೀತ ಹುಟ್ಟಬಲ್ಲದು. ಗಂಗೂಬಾಯಿಯವರ ಬದುಕು ಅದಕ್ಕೆ ಸಾಕ್ಷಿ.