ಕಾಡಿನಲ್ಲಿ ಪಾಠ ಹೇಳಿದ ಬಿ.ಜಿ.ಎಲ್. ಸ್ವಾಮಿ

ನಮ್ಮ ಗುಡ್ಡೆಗಳ ಗೇರುಮರವಾಗಲಿ, ಆಂಧ್ರದ ಗಡಿಯಲ್ಲಿ ಗುಮ್ಮಘಟ್ಟ, ರಾಯದುರ್ಗಗಳ ಕಡೆ ನಮ್ಮಂತೆಯೇ ಮನೆಯೊಳಗೆ ಕನ್ನಡ ಉಳಿಸಿಕೊಂಡ ರೈತರು ಬಿತ್ತುವ ನೆಲಗಡಲೆಯಾಗಲಿ ಈ ನಾಡಿನ ಮೂಲದ್ದಲ್ಲ. ಎರಡೂ ದಕ್ಷಿಣ ಅಮೆರಿಕದಿಂದ ಬಂದವು. ಆಲೂಗಡ್ಡೆಯದೂ ಅದೇ ಕಥೆ. ಹೀಗೆ ಕಡಲು ದಾಟಿ ಬಂದ ಬೆಳೆಗಳ ಚರಿತ್ರೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಪುಸ್ತಕವಾಗಿ ಕನ್ನಡಿಗರ ಕೈಗಿತ್ತವರು ಡಾ. ಬಿ.ಜಿ.ಎಲ್. ಸ್ವಾಮಿ.

ಸ್ವಾಮಿಯವರು ಡಿ.ವಿ.ಜಿ.ಯವರ ಮಗ. ಅಷ್ಟು ದೊಡ್ಡ ತಂದೆಯ ನೆರಳಿನಲ್ಲಿ ಬೆಳೆಯುವುದು ಸುಲಭವಲ್ಲ. ಮಗ ಹಿಡಿದದ್ದು ಸೂಕ್ಷ್ಮದರ್ಶಕದ ದಾರಿ. ಸೀತಾಳೆದಂಡೆಯ ಜಾತಿಯ ಆರ್ಕಿಡ್ ಗಿಡಗಳಲ್ಲಿ ಭ್ರೂಣ ಬೆಳೆಯುವ ಬಗೆಯನ್ನು ಅವರು ಅಭ್ಯಾಸ ಮಾಡಿದರು. ಇದು ಪುಸ್ತಕ ಓದಿ ಮುಗಿಸುವ ಕೆಲಸವಲ್ಲ. ಬೇರೆ ಬೇರೆ ವಯಸ್ಸಿನ ಮೊಗ್ಗು, ಕಾಯಿಗಳನ್ನು ಗಿಡದಿಂದಲೇ ಬಿಡಿಸಿ, ಕೆಡದಂತೆ ದ್ರಾವಣದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡಬೇಕು. ಒಂದು ಹಂತ ತಪ್ಪಿದರೆ ಮತ್ತೆ ಆ ಗಿಡ ಹೂ ಬಿಡುವವರೆಗೆ ಕಾಯಬೇಕು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿ ನೀಡಿತು. ಅನಂತರ ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರೊ. ಬೈಲಿಯವರೊಡನೆ ಸಂಶೋಧನೆ ನಡೆಸಿದರು. ಮುಂದೆ ತಾವು ಹೆಸರಿಟ್ಟ ಸಸ್ಯವೊಂದಕ್ಕೆ ಆ ಗುರುವಿನ ಹೆಸರನ್ನೇ ಸೇರಿಸಿದರು.

1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ಸುತ್ತಲಿನ ಮಾತು ತಮಿಳು, ಪಾಠ ಇಂಗ್ಲಿಷಿನಲ್ಲಿ. ಸಂಶೋಧನೆಯ ಲೇಖನಗಳನ್ನು ಓದುವವರು ಪರದೇಶದ ಪಂಡಿತರು. ಕನ್ನಡದಲ್ಲಿ ಬರೆಯಬೇಕೆಂದು ಅವರನ್ನು ಕೇಳಿದವರು ಯಾರು? ಆ ಕೆಲಸಕ್ಕೆ ಸಂಬಳವೂ ಇರಲಿಲ್ಲ, ಬಡ್ತಿಯೂ ಇರಲಿಲ್ಲ. ಆದರೂ ಬರೆದರು.

ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮ ಘಟ್ಟದ ಕಾಡುಗಳಿಗೆ ಹೊರಡುವುದು ಅವರ ಬೋಧನೆಯ ಮುಖ್ಯ ಭಾಗ. ಒಣಗಿಸಿ ಕಾಗದಕ್ಕೆ ಅಂಟಿಸಿದ ಎಲೆ ಬೇರೆ, ಮಳೆಯಲ್ಲಿ ತೊಯ್ದ ಗಿಡವೇ ಬೇರೆ. ಈ ಸುತ್ತಾಟಗಳ ಅನುಭವವೇ 1976ರಲ್ಲಿ ‘ಹಸುರು ಹೊನ್ನು’ ಆಯಿತು. ಅದರಲ್ಲಿ ಜಿಗಣೆ, ಹುಡುಗರ ತುಂಟಾಟ, ಹಳ್ಳಿಯವರು ಗಿಡಕ್ಕೆ ಇಟ್ಟ ಹೆಸರು, ಹಳಗನ್ನಡ ಕವಿಗಳ ನೆನಪು ಎಲ್ಲವೂ ಬೆರೆತಿವೆ. ಚಿತ್ರಗಳನ್ನು ಅವರೇ ಬರೆದರು. ನಗುತ್ತ ಓದುವವನಿಗೆ ತಾನು ಸಸ್ಯಶಾಸ್ತ್ರ ಕಲಿಯುತ್ತಿದ್ದೇನೆಂಬುದು ಬಹಳ ಹೊತ್ತು ತಿಳಿಯುವುದೇ ಇಲ್ಲ. (ಪಠ್ಯಪುಸ್ತಕ ಬರೆಯುವ ನಮ್ಮ ಮಹನೀಯರು ಒಮ್ಮೆ ತೆರೆದು ನೋಡಬಾರದೆ?)

1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1967ರಲ್ಲಿ ತಂದೆಗೆ ಸಂದಿದ್ದ ಗೌರವವೇ ಮಗನಿಗೂ ಸಂದಿತು. ಆದರೆ ಮಗನ ಸಂತೋಷವನ್ನು ಕಾಣಲು ಡಿ.ವಿ.ಜಿ. ಇರಲಿಲ್ಲ. ಅವರು 1975ರಲ್ಲೇ ತೀರಿಕೊಂಡಿದ್ದರು.

ಮದರಾಸಿನಿಂದ ನಿವೃತ್ತರಾದ ಮೇಲೆ ಸ್ವಾಮಿಯವರು ಮೈಸೂರಿಗೆ ಬಂದರು. ಅಲ್ಲಿಯೂ ಸಂಶೋಧನೆ, ಬರವಣಿಗೆ ನಿಲ್ಲಲಿಲ್ಲ. 1980ರ ನವೆಂಬರಿನಲ್ಲಿ ನಿಧನರಾದರು. ಅವರ ಕೆಲವು ಪುಸ್ತಕಗಳು ಅಚ್ಚಾಗಿ ಹೊರಬಂದದ್ದು ಆಮೇಲೆಯೇ.