ಸುಂಟರಗಾಳಿಗೆ ಚಾಟಿ ಬೀಸಿದ ಮುದ್ರಕ

1755ರ ಮಾತು. ಅಮೆರಿಕ ಇನ್ನೂ ಬ್ರಿಟಿಷರ ವಸಾಹತು. ಮೇರಿಲ್ಯಾಂಡ್‌ನಲ್ಲಿ ಕರ್ನಲ್ ಟಾಸ್ಕರ್ ಎಂಬುವರ ಹಳ್ಳಿಮನೆಯ ಕಡೆಗೆ ಒಂದಷ್ಟು ಜನ ಕುದುರೆ ಮೇಲೆ ಹೊರಟಿದ್ದರು. ಕೆಳಗಿನ ಕಣಿವೆಯ ರಸ್ತೆಯಲ್ಲಿ ಸಣ್ಣದೊಂದು ಸುಂಟರಗಾಳಿ ಎದ್ದಿತು. ನಮ್ಮ ಹೊಲಗಳಲ್ಲಿ ಬೇಸಿಗೆಯ ಮಧ್ಯಾಹ್ನ ಏಳುತ್ತದಲ್ಲ, ಹಾಗೆಯೇ ಧೂಳಿನ ಕಂಬ. ಬುಡದಲ್ಲಿ ಒಂದು ಪೀಪಾಯಿಯಷ್ಟು ಅಗಲ, ಮೇಲೆ ಹೋದಂತೆ ಇಪ್ಪತ್ತು ಮೂವತ್ತು ಅಡಿ. ಅದು ಗುಡ್ಡ ಹತ್ತಿ ಇವರತ್ತಲೇ ಬಂತು. ಉಳಿದವರೆಲ್ಲ ನಿಂತು ನೋಡಿದರು. 49 ವರ್ಷದ ಒಬ್ಬಾತ ಮಾತ್ರ ಕುದುರೆಯನ್ನು ಅದರ ಪಕ್ಕಕ್ಕೇ ಓಡಿಸಿದ.

ಸಮುದ್ರದಲ್ಲಿ ನೀರಿನ ಸುಳಿಗಂಬ ಎದ್ದರೆ ಗುಂಡು ಹೊಡೆದು ಒಡೆಯಬಹುದು ಎಂದು ನಾವಿಕರು ನಂಬಿದ್ದರು. ಅದನ್ನು ಪರೀಕ್ಷಿಸಿಯೇ ಬಿಡೋಣವೆಂದು ಆತ ಕೈಯಲ್ಲಿದ್ದ ಚಾಟಿಯಿಂದ ಸುಂಟರಗಾಳಿಗೆ ಮತ್ತೆ ಮತ್ತೆ ಬಾರಿಸಿದ. ಏನೂ ಆಗಲಿಲ್ಲ. ಗಾಳಿ ಕಾಡಿಗೆ ನುಗ್ಗಿತು. ಒಣಗಿದ ಎಲೆಗಳು ಮರಗಳ ತುದಿಗೂ ಮೇಲೆ ಹಾರಿದವು. ಆತ ಮುಕ್ಕಾಲು ಮೈಲಿಯಷ್ಟು ಬೆನ್ನಟ್ಟಿದ. ಒಣಕೊಂಬೆಗಳು ಮುರಿದು ಸುತ್ತ ಬೀಳಲು ಶುರುವಾದಾಗಷ್ಟೇ ಕುದುರೆಯ ಲಗಾಮು ಎಳೆದ. ಆಮೇಲೆ ಎಲ್ಲವನ್ನೂ ಲಂಡನ್ನಿನ ಗೆಳೆಯನಿಗೆ ಅಳತೆ, ದಿಕ್ಕು, ವೇಗದ ಸಮೇತ ಪತ್ರದಲ್ಲಿ ಬರೆದ.

ಆತ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ, ಬೀಗದ ಕೈ, ಮಿಂಚು ಇವಿಷ್ಟನ್ನು ಶಾಲೆಯ ವಿಜ್ಞಾನ ಪುಸ್ತಕ ನಮಗೆ ಹೇಳಿಕೊಟ್ಟಿದೆ. ಅಮೆರಿಕದ ನೂರು ಡಾಲರ್ ನೋಟಿನ ಮೇಲಿರುವ ಮುಖವೂ ಇವನದೇ. ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಫ್ರಾಂಕ್ಲಿನ್ ಒಬ್ಬನಿದ್ದಾನೆ. ಜೀವನವಿಡೀ ಆಕಾಶದ ಕಡೆ ಒಂದು ಕಣ್ಣಿಟ್ಟುಕೊಂಡೇ ಬದುಕಿದ ಹವ್ಯಾಸಿ ಹವಾಮಾನ ವೀಕ್ಷಕ ಅವನು. ಹವ್ಯಾಸಿ ಎನ್ನುವ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಅವನಿಗೆ ಈ ಕೆಲಸಕ್ಕೆ ಯಾರೂ ಸಂಬಳ ಕೊಡಲಿಲ್ಲ, ಓದಿ ಪಡೆದ ಪದವಿಯೂ ಇರಲಿಲ್ಲ.

1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ. ಅಪ್ಪ ಮೇಣದ ಬತ್ತಿ, ಸೋಪು ತಯಾರಿಸುವವರು. ಹದಿನೇಳು ಮಕ್ಕಳಲ್ಲಿ ಇವನು ಹದಿನೈದನೆಯವನು. ಶಾಲೆಗೆ ಹೋಗಿದ್ದು ಎರಡೇ ವರ್ಷ. ಹನ್ನೆರಡನೇ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿಸಿದರು. ಅಣ್ಣ ಹೊಡೆಯುತ್ತಿದ್ದ. ಹದಿನೇಳಕ್ಕೆ ಹೇಳದೆ ಕೇಳದೆ ಓಡಿಹೋದ. ಮೊದಲು ನ್ಯೂಯಾರ್ಕ್‌ಗೆ ಹೋಗಿ ಅಲ್ಲಿನ ಮುದ್ರಕನನ್ನು ಕೆಲಸ ಕೇಳಿದರೆ ಜಾಗವಿಲ್ಲ, ಫಿಲಡೆಲ್ಫಿಯಾದಲ್ಲಿ ನನ್ನ ಮಗನ ಹತ್ತಿರ ಹೋಗು ಎಂದ. ಅಲ್ಲಿಗೆ ಹೋದರೆ ಮಗನ ಹತ್ತಿರವೂ ಜಾಗ ಖಾಲಿಯಿಲ್ಲ. ಕೊನೆಗೆ ಊರಿನ ಇನ್ನೊಂದು ಪುಟ್ಟ ಮುದ್ರಣಾಲಯದಲ್ಲಿ ಕೆಲಸ ಸಿಕ್ಕಿತು. ಫಿಲಡೆಲ್ಫಿಯಾದಲ್ಲಿ ಇಳಿದಾಗ ಅವನ ಹತ್ತಿರ ಇದ್ದದ್ದು ಒಂದು ಡಚ್ ಡಾಲರ್ ಮತ್ತು ಸ್ವಲ್ಪ ತಾಮ್ರದ ಚಿಲ್ಲರೆ. ಸಂದರ್ಶನದಿಂದ ಸಂದರ್ಶನಕ್ಕೆ ಬಸ್ ಹತ್ತುವವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಿನ ಇಪ್ಪತ್ತು ವರ್ಷ ದುಡಿಮೆ. ಸ್ವಂತ ಮುದ್ರಣಾಲಯ, ಪೆನ್ಸಿಲ್ವೇನಿಯಾ ಗೆಜೆಟ್ ಎಂಬ ಪತ್ರಿಕೆ, ಜೊತೆಗೆ 1733ರಿಂದ ಪೂರ್ ರಿಚರ್ಡ್ ಎಂಬ ಹೆಸರಿನಲ್ಲಿ ವರ್ಷಕ್ಕೊಂದು ಪಂಚಾಂಗ. ನಮ್ಮ ಪಂಚಾಂಗಗಳಲ್ಲಿ ಯಾವ ನಕ್ಷತ್ರಕ್ಕೆ ಎಷ್ಟು ಮಳೆ ಎಂದಿರುವಂತೆ ಅಲ್ಲಿಯೂ ಇಡೀ ವರ್ಷದ ಹವಾಮಾನವನ್ನು ಮುಂಚೆಯೇ ಅಚ್ಚು ಹಾಕುವ ರೂಢಿಯಿತ್ತು. ಫ್ರಾಂಕ್ಲಿನ್ನನೂ ಹಾಕಿದ. ಆದರೆ ಅದರಲ್ಲಿ ಹುರುಳಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ ದಿನಕ್ಕೆ ಒಂದೆರಡು ದಿನ ಹಿಂದೆ, ಒಂದೆರಡು ದಿನ ಮುಂದೆ ರಿಯಾಯಿತಿ ಕೊಡಿ ಎಂದು ಓದುಗರನ್ನೇ ತಮಾಷೆಯಾಗಿ ಕೇಳಿಕೊಂಡ! ವರ್ಷಕ್ಕೆ ಹತ್ತು ಸಾವಿರದಷ್ಟು ಪ್ರತಿ ಮಾರಾಟವಾಗುತ್ತಿತ್ತು. ಕಾಗದದ ಮೇಲೆ ಸುಳ್ಳು ಮಳೆ ಸುರಿಸಿ ದುಡ್ಡು ಮಾಡಿದವನೇ ನಿಜವಾದ ಮಳೆ ಎಲ್ಲಿಂದ ಬರುತ್ತದೆ ಎಂದು ತಲೆ ಕೆಡಿಸಿಕೊಂಡ.

ಆ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು 1743ರ ಅಕ್ಟೋಬರ್‌ನಲ್ಲಿ. ಅದೂ ಒಂದು ನಿರಾಸೆಯಿಂದ. ಒಂದು ಶುಕ್ರವಾರ ರಾತ್ರಿ ಒಂಬತ್ತಕ್ಕೆ ಚಂದ್ರಗ್ರಹಣವಿತ್ತು. ನೋಡಬೇಕೆಂದು ಕಾದಿದ್ದ. ಏಳು ಗಂಟೆಗೇ ಈಶಾನ್ಯದಿಂದ ಬಿರುಗಾಳಿ, ಮಳೆ ಶುರುವಾಗಿ ಆಕಾಶ ಪೂರ್ತಿ ಮುಚ್ಚಿಹೋಯಿತು. ಬೇರೆಯವರಾದರೆ ಬೈದುಕೊಂಡು ಮಲಗುತ್ತಿದ್ದರು. ಕೆಲವು ದಿನಗಳ ನಂತರ ಬಾಸ್ಟನ್ ಪತ್ರಿಕೆಗಳನ್ನು ಓದುವಾಗ ಅವನಿಗೆ ಅಚ್ಚರಿ ಕಾದಿತ್ತು. ಅಲ್ಲಿನವರು ಗ್ರಹಣ ನೋಡಿದ್ದರು! ಬಾಸ್ಟನ್ ಇರುವುದು ಫಿಲಡೆಲ್ಫಿಯಾದಿಂದ ನೂರಾರು ಮೈಲಿ ಈಶಾನ್ಯಕ್ಕೆ. ಗಾಳಿ ಬೀಸಿದ್ದು ಈಶಾನ್ಯದಿಂದ. ಹಾಗಿದ್ದರೆ ಮೊದಲು ಬಾಸ್ಟನ್ ಮುಳುಗಿ ಆಮೇಲೆ ತಾನೇ ಫಿಲಡೆಲ್ಫಿಯಾ? ಬಾಸ್ಟನ್‌ನಲ್ಲಿದ್ದ ಅಣ್ಣನಿಗೆ ಬರೆದು ಕೇಳಿದ. ಅಲ್ಲಿ ಮಳೆ ಶುರುವಾಗಿದ್ದು ರಾತ್ರಿ ಹನ್ನೊಂದರ ಹೊತ್ತಿಗೆ ಎಂಬ ಉತ್ತರ ಬಂತು. ನಡುವಿನ ಊರುಗಳಿಂದಲೂ ಸುದ್ದಿ ಕಲೆಹಾಕಿದ. ಈಶಾನ್ಯಕ್ಕೆ ಹೋದಂತೆಲ್ಲ ಮಳೆ ತಡವಾಗಿ ಶುರುವಾಗಿತ್ತು.

ಅಂದರೆ ಬಿರುಗಾಳಿ ಬೀಸುವ ದಿಕ್ಕು ಬೇರೆ, ಅದು ಊರಿಂದೂರಿಗೆ ಚಲಿಸುವ ದಿಕ್ಕು ಬೇರೆ. ಇವತ್ತು ಟಿವಿಯಲ್ಲಿ ಚಂಡಮಾರುತದ ನಕ್ಷೆ ನೋಡುವ ನಮಗೆ ಇದು ಮಾಮೂಲಿ. ಅಂದು ಯಾರಿಗೂ ಹೊಳೆದಿರಲಿಲ್ಲ. ಮಳೆ ಎಂದರೆ ಆಯಾ ಊರಿನ ಮೇಲೆ ಸುರಿಯುವ ಸಂಗತಿ, ಅದು ಪ್ರಯಾಣ ಮಾಡುತ್ತದೆ ಎಂಬ ಕಲ್ಪನೆಯೇ ಇರಲಿಲ್ಲ. ಫ್ರಾಂಕ್ಲಿನ್ ಇದನ್ನು ನಾಲೆಯ ಉದಾಹರಣೆ ಕೊಟ್ಟು ವಿವರಿಸಿದ. ನಾಲೆಯ ತುದಿಯ ತೂಬು ಎತ್ತಿದರೆ ಮೊದಲು ತೂಬಿನ ಹತ್ತಿರದ ನೀರು ಕದಲುತ್ತದೆ, ಆಮೇಲೆ ಅದರ ಹಿಂದಿನದು, ಆಮೇಲೆ ಅದಕ್ಕೂ ಹಿಂದಿನದು. ನೀರು ತೂಬಿನ ಕಡೆ ಹರಿದರೂ ಕದಲಿಕೆ ಮಾತ್ರ ಹಿಂದಕ್ಕೆ ಹಬ್ಬುತ್ತಾ ಹೋಗುತ್ತದೆ. ಮಂಡ್ಯದ ಕಡೆಯವರಿಗೆ ಥಟ್ಟನೆ ಅರ್ಥವಾಗುವ ಮಾತು. ಬಿರುಗಾಳಿಗಳು ಸುತ್ತುತ್ತಾ ಸಾಗುತ್ತವೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ವಿವರಣೆ ಪೂರ್ತಿ ಸರಿಯಲ್ಲ. ಕಂಡುಕೊಂಡ ಸಂಗತಿ ಮಾತ್ರ ಸರಿ. ಉಪಕರಣವೇನಿತ್ತು? ಹಳೆಯ ಪತ್ರಿಕೆಗಳು ಮತ್ತು ಅಂಚೆ.

1748ರಲ್ಲಿ, 42ನೇ ವಯಸ್ಸಿಗೆ, ಮುದ್ರಣಾಲಯವನ್ನು ಪಾಲುದಾರನಿಗೆ ವಹಿಸಿ ದಿನದ ವ್ಯಾಪಾರದಿಂದ ಹೊರಬಂದ. ಆ ಹೊತ್ತಿಗಾಗಲೇ ಅವನಿಗೆ ವಿದ್ಯುತ್ತಿನ ಹುಚ್ಚು ಹಿಡಿದಿತ್ತು. ವಿದ್ಯುತ್ತಿನಲ್ಲಿ ಧನ, ಋಣ ಎಂದು ನಾವು ಹೇಳುವುದು ಅವನಿಂದ ಬಂದದ್ದು. 1749ರ ನವೆಂಬರ್‌ನಲ್ಲಿ ಮಿಂಚಿಗೂ ವಿದ್ಯುತ್ತಿಗೂ ಇರುವ ಹನ್ನೆರಡು ಹೋಲಿಕೆಗಳನ್ನು ಪಟ್ಟಿ ಮಾಡಿದ. ಬಣ್ಣ, ಅಂಕುಡೊಂಕು ದಾರಿ, ಸದ್ದು, ಲೋಹದಲ್ಲಿ ಹರಿಯುವುದು, ಪ್ರಾಣಿಗಳನ್ನು ಕೊಲ್ಲುವುದು ಹೀಗೆ. ಕೊನೆಗೆ, ಪ್ರಯೋಗ ಮಾಡಿಯೇ ನೋಡಬೇಕು ಎಂದು ತನಗೆ ತಾನೇ ಬರೆದುಕೊಂಡ. ಅದರ ಮರುವರ್ಷ ಟರ್ಕಿ ಕೋಳಿಯನ್ನು ವಿದ್ಯುತ್ತಿನಿಂದ ಕೊಲ್ಲಲು ಹೋಗಿ ತಾನೇ ಹೊಡೆಸಿಕೊಂಡು ಪ್ರಜ್ಞೆ ತಪ್ಪುವಷ್ಟಾದ.

ಎತ್ತರದ ಮೇಲೆ ಚೂಪಾದ ಕಬ್ಬಿಣದ ಸರಳು ನಿಲ್ಲಿಸಿದರೆ ಮೋಡದ ವಿದ್ಯುತ್ತನ್ನು ಇಳಿಸಬಹುದು ಎಂಬ ಅವನ ಸಲಹೆ ಪುಸ್ತಕವಾಗಿ ಯುರೋಪಿಗೆ ಹೋಯಿತು. 1752ರ ಮೇ 10ರಂದು ಪ್ಯಾರಿಸ್ ಬಳಿಯ ಮಾರ್ಲಿ ಎಂಬ ಹಳ್ಳಿಯಲ್ಲಿ ಪ್ರಯೋಗ ಗೆದ್ದಿತು. ಏರ್ಪಾಡು ಮಾಡಿದ ವಿಜ್ಞಾನಿ ದಾಲಿಬಾರ್ ಅಂದು ಊರಲ್ಲಿರಲಿಲ್ಲ. ಗುಡುಗಿನ ನಡುವೆ ಸರಳಿನಿಂದ ಕಿಡಿ ಎಳೆದವನು ಕುವಾಫಿಯೆ ಎಂಬ ನಿವೃತ್ತ ಸಿಪಾಯಿ. ಅವನ ಹೆಸರು ಯಾವ ಪಠ್ಯದಲ್ಲೂ ಇಲ್ಲ.

ಈ ಸುದ್ದಿ ಕಡಲು ದಾಟಿ ಬರುವ ಮುನ್ನವೇ, ಜೂನ್ ತಿಂಗಳಲ್ಲಿ, ಫ್ರಾಂಕ್ಲಿನ್ ಗಾಳಿಪಟ ಹಾರಿಸಿದ. ಫಿಲಡೆಲ್ಫಿಯಾದ ಚರ್ಚಿನ ಗೋಪುರ ಕಟ್ಟಿ ಮುಗಿಯುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ದೇವದಾರಿನ ಎರಡು ಕಡ್ಡಿ, ಮಳೆಗೆ ಹರಿಯದಿರಲೆಂದು ಕಾಗದದ ಬದಲು ರೇಷ್ಮೆ ಕರವಸ್ತ್ರ, ತುದಿಗೆ ಚೂಪಾದ ತಂತಿ, ಸೆಣಬಿನ ದಾರ, ಅದರ ಕೊನೆಗೆ ಬೀಗದ ಕೈ. ಕೈಯಲ್ಲಿ ಹಿಡಿಯುವ ಭಾಗಕ್ಕೆ ಮಾತ್ರ ರೇಷ್ಮೆ ಪಟ್ಟಿ. ಅದು ಒದ್ದೆಯಾಗಬಾರದೆಂದು ಸೂರಿನ ಕೆಳಗೆ ನಿಂತಿದ್ದ. ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದವನು ಮಗ ವಿಲಿಯಂ ಒಬ್ಬನೇ. ಚಿತ್ರಗಳಲ್ಲಿ ಅವನನ್ನು ಪುಟ್ಟ ಹುಡುಗನಂತೆ ತೋರಿಸುತ್ತಾರೆ. ನಿಜವಾಗಿ ಆಗ ಅವನು ಇಪ್ಪತ್ತು ದಾಟಿದ ಯುವಕ. ಒಂದು ಮೋಡ ಹಾಗೇ ಹಾದುಹೋಯಿತು. ಆಸೆ ಬಿಡಬೇಕೆನ್ನುವಾಗ ದಾರದ ಸಡಿಲ ಎಳೆಗಳು ರೋಮದಂತೆ ನೆಟ್ಟಗೆ ನಿಂತವು. ಬೆರಳ ಗೆಣ್ಣನ್ನು ಬೀಗದ ಕೈ ಹತ್ತಿರ ತಂದ, ಕಿಡಿ ಹಾರಿತು.

ಗಾಳಿಪಟಕ್ಕೆ ಸಿಡಿಲು ಬಡಿಯಲಿಲ್ಲ ಎಂಬುದನ್ನು ಗಮನಿಸಿ. ಬಡಿದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರೊಫೆಸರ್ ರಿಚ್‌ಮನ್ ಮನೆಯೊಳಗೆ ಇಂಥದ್ದೇ ಸರಳಿನ ಮುಂದೆ ಅಳತೆ ನೋಡಲು ಬಗ್ಗಿದಾಗ ಸಿಡಿಲು ಹಣೆಗೆ ಬಡಿದು ಸತ್ತರು. ಗುಡುಗು ಮಳೆಯ ಬೆನ್ನು ಹತ್ತುವ ಹುಚ್ಚಿಗೆ ಆಗಲೇ ಒಂದು ಜೀವ ಹೋಗಿತ್ತು.

ನನ್ನನ್ನು ಹೆಚ್ಚು ಸೆಳೆಯುವುದು ಗಾಳಿಪಟಕ್ಕಿಂತ ಅದೇ ಸೆಪ್ಟೆಂಬರ್‌ನಲ್ಲಿ ಅವನು ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆ. ಮಾಡಿನ ಮೇಲಿಂದ ಸರಳು ಇಳಿಸಿ, ಅದರ ನಡುವೆ ಎರಡು ಪುಟ್ಟ ಗಂಟೆ, ಗಂಟೆಗಳ ಮಧ್ಯೆ ರೇಷ್ಮೆ ದಾರದಲ್ಲಿ ಹಿತ್ತಾಳೆ ಗುಂಡು ತೂಗುಬಿಟ್ಟ. ವಿದ್ಯುತ್ ತುಂಬಿದ ಮೋಡ ಮೇಲೆ ಬಂದರೆ ಗುಂಡು ಅತ್ತಿತ್ತ ಬಡಿದು ಗಂಟೆ ಬಾರಿಸುತ್ತಿತ್ತು. ಸದ್ದಾದೊಡನೆ ಎದ್ದು ಓಡಿ ಮೋಡದ ವಿದ್ಯುತ್ತು ಧನವೋ ಋಣವೋ ಎಂದು ಪರೀಕ್ಷಿಸುತ್ತಿದ್ದ. ತಿಂಗಳುಗಟ್ಟಲೆ ನೋಡಿ, ಗುಡುಗಿನ ಮೋಡಗಳು ಸಾಮಾನ್ಯವಾಗಿ ಋಣ, ಅಪರೂಪಕ್ಕೆ ಧನ ಎಂದು ಬರೆದ. ಮೋಡದ ತಳಭಾಗದ ಮಟ್ಟಿಗೆ ಇಂದಿನ ವಿಜ್ಞಾನವೂ ಇದನ್ನೇ ಹೇಳುತ್ತದೆ. ಹೆಂಡತಿ ಡೆಬೊರಾಗೆ ಈ ಗಂಟೆಗಳೆಂದರೆ ದಿಗಿಲು. ಗಂಡ ಲಂಡನ್‌ನಲ್ಲಿದ್ದಾಗ ಕಷ್ಟ ಹೇಳಿಕೊಂಡಳು. ಎರಡೂ ಗಂಟೆಗಳ ನಡುವೆ ಒಂದು ತಂತಿ ಕಟ್ಟಿಬಿಡು, ಸದ್ದು ನಿಲ್ಲುತ್ತದೆ ಎಂದು ಉತ್ತರ ಬಂತು. ಸಿಡಿಲಿನ ಮುನ್ಸೂಚನೆಗೆ ದಾಮಿನಿ, ಸಿಡಿಲು ಎಂಬ ಆ್ಯಪ್‌ಗಳನ್ನು ಫೋನಿಗೆ ಹಾಕಿಕೊಂಡು ರಾತ್ರಿ ಅಲರ್ಟ್ ಬಂದಾಗ ಮನೆಯವರಿಂದ ಬೈಸಿಕೊಳ್ಳುವವರು ಡೆಬೊರಾಳ ಕಷ್ಟವನ್ನು ಊಹಿಸಬಹುದು.

1753ರ ಪಂಚಾಂಗದಲ್ಲಿ ಮಿಂಚುವಾಹಕವನ್ನು ಮನೆಗೆ ಕೂರಿಸುವ ವಿಧಾನವನ್ನು ಅಚ್ಚು ಹಾಕಿದ. ಸರಳಿನ ಒಂದು ತುದಿ ತೇವದ ನೆಲದಲ್ಲಿ ಮೂರ್ನಾಲ್ಕು ಅಡಿ, ಇನ್ನೊಂದು ತುದಿ ಕಟ್ಟಡಕ್ಕಿಂತ ಆರೆಂಟು ಅಡಿ ಮೇಲೆ. ಪೇಟೆಂಟ್ ಪಡೆಯಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ವಿರೋಧವೂ ಬಂತು. 1755ರಲ್ಲಿ ಬಾಸ್ಟನ್ ಸುತ್ತ ಭೂಕಂಪವಾದಾಗ, ಈ ಸರಳುಗಳು ಆಕಾಶದ ಬೆಂಕಿಯನ್ನು ನೆಲಕ್ಕೆ ತುಂಬಿದ್ದೇ ಕಾರಣವಿರಬಹುದೆಂದು ಒಬ್ಬ ಪಾದ್ರಿ ಹೇಳಿದರು. ಯುರೋಪಿನಲ್ಲಿ ಗುಡುಗಿದಾಗ ಸಿಡಿಲು ಓಡಿಸಲೆಂದು ಚರ್ಚಿನ ಗಂಟೆ ಬಾರಿಸುವ ಪದ್ಧತಿಯಿತ್ತು. ಊರಿನ ಅತಿ ಎತ್ತರದ ಕಟ್ಟಡದಲ್ಲಿ ಒದ್ದೆ ಹಗ್ಗ ಹಿಡಿದು ನಿಂತ ಗಂಟೆಯಾಳುಗಳು ಸಾಯುತ್ತಲೇ ಇದ್ದರು. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಮರದಡಿ ನಿಂತ ರೈತರು, ಕುರಿಗಾಹಿಗಳು ಸಿಡಿಲಿಗೆ ಬಲಿಯಾದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಇನ್ನೂ ಬರುತ್ತಿದೆ.

ಆಮೇಲೆ ರಾಜಕೀಯ ಅವನನ್ನು ಎಳೆದುಕೊಂಡಿತು. ಸ್ವಾತಂತ್ರ್ಯ ಘೋಷಣೆಗೆ ಸಹಿ, ಫ್ರಾನ್ಸ್‌ನಲ್ಲಿ ರಾಯಭಾರ, ಬ್ರಿಟನ್ ಜೊತೆ ಶಾಂತಿ ಒಪ್ಪಂದ, ಇವೆಲ್ಲ ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತಿರುವಂಥವೇ. ಗುಲಾಮರನ್ನು ಇಟ್ಟುಕೊಂಡಿದ್ದ, ಅವರ ಮಾರಾಟದ ಜಾಹೀರಾತುಗಳನ್ನು ತನ್ನ ಪತ್ರಿಕೆಯಲ್ಲಿ ಹಾಕಿದ್ದ ಎಂಬುದನ್ನೂ ಹೇಳಬೇಕು. ಕೊನೆಗಾಲದಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದ. ಆಕಾಶದ ಗೀಳು ಮಾತ್ರ ಬಿಡಲಿಲ್ಲ. 1783ರ ಬೇಸಿಗೆಯಲ್ಲಿ ಯುರೋಪಿನ ಮೇಲೆ ಕವಿದ ವಿಚಿತ್ರ ಒಣಮಂಜಿಗೂ ನಂತರದ ಕಡುಚಳಿಗೂ ಐಸ್‌ಲ್ಯಾಂಡಿನ ಜ್ವಾಲಾಮುಖಿ ಕಾರಣವಿರಬಹುದೆಂದು ಊಹಿಸಿದ. 1785ರಲ್ಲಿ, 79ನೇ ವಯಸ್ಸಿನಲ್ಲಿ, ಊರಿಗೆ ಮರಳುವ ಹಡಗಿನಿಂದ ದಿನವೂ ಥರ್ಮಾಮೀಟರನ್ನು ಕಡಲಿಗೆ ಇಳಿಸಿ ಗಲ್ಫ್ ಸ್ಟ್ರೀಮ್ ಪ್ರವಾಹದ ಬಿಸಿ ಅಳೆದ.

ಆ ಪ್ರಯಾಣದ ನಡುವೆ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ಕೆಲವು ದಿನ ತಂಗಿದ್ದಾಗ ವಿಲಿಯಂ ಬಂದು ಭೇಟಿಯಾದ. ಗಾಳಿಪಟದ ದಿನ ಜೊತೆಗಿದ್ದ, ಮೇರಿಲ್ಯಾಂಡ್‌ನಲ್ಲಿ ಕುದುರೆ ಮೇಲೆ ಹಿಂದೆಯೇ ಬಂದಿದ್ದ ಮಗ. ಬ್ರಿಟಿಷರು ನೇಮಿಸಿದ ನ್ಯೂಜೆರ್ಸಿ ಗವರ್ನರ್ ಆಗಿದ್ದ ವಿಲಿಯಂ, ಕ್ರಾಂತಿಯಾದಾಗ ರಾಜನ ಪಕ್ಷ ಬಿಡಲಿಲ್ಲ. ಸೆರೆಮನೆ ಕಂಡು, ದೇಶ ಬಿಟ್ಟು ಲಂಡನ್ ಸೇರಿದ್ದ. ರಾಜಿಯಾಗೋಣ ಎಂದು ಅವನೇ ಮೊದಲು ಬರೆದಿದ್ದ. ಭೇಟಿಯಲ್ಲಿ ನಡೆದದ್ದು ಬಹುಪಾಲು ಜಮೀನು, ಸಾಲದ ಲೆಕ್ಕ. ಮತ್ತೆ ಇಬ್ಬರೂ ಮುಖ ನೋಡಲಿಲ್ಲ. 1790ರ ಏಪ್ರಿಲ್ 17ರಂದು ಫ್ರಾಂಕ್ಲಿನ್ ತೀರಿಕೊಂಡಾಗ ಶವಯಾತ್ರೆಗೆ ಇಪ್ಪತ್ತು ಸಾವಿರ ಜನ ಸೇರಿದ್ದರೆಂದು ಹೇಳುತ್ತಾರೆ. ಉಯಿಲಿನಲ್ಲಿ ವಿಲಿಯಂಗೆ ಸಿಕ್ಕಿದ್ದು ನೋವಾ ಸ್ಕೋಷಿಯಾದ ಒಂದಿಷ್ಟು ಜಮೀನು, ಜೊತೆಗೆ ಆಗಲೇ ಅವನ ಬಳಿಯಿದ್ದ ಪುಸ್ತಕ, ಕಾಗದಪತ್ರ. ಯುದ್ಧದಲ್ಲಿ ನನ್ನ ವಿರುದ್ಧ ನಿಂತದ್ದಕ್ಕೆ ಇದಕ್ಕಿಂತ ಹೆಚ್ಚು ಕೊಡುತ್ತಿಲ್ಲ ಎಂದು ಅಪ್ಪ ಕಾರಣವನ್ನೂ ಅಲ್ಲಿಯೇ ಬರೆದಿಟ್ಟಿದ್ದ.